ಮಂಜಿನೊಳಗಿನ ಹೊಗೆ

ಮಲೆನಾಡಿನ ಗಾಳಿಯ ಬಗ್ಗೆ ಒಂದು ನಂಬಿಕೆ ಆಳವಾಗಿ ಬೇರೂರಿದೆ. ಕಾಡಿದೆ, ಹೊಳೆಯಿದೆ, ಮಳೆಯಿದೆ, ದೊಡ್ಡ ಕಾರ್ಖಾನೆಗಳಿಲ್ಲ. ಆದ್ದರಿಂದ ಗಾಳಿ ತಾನಾಗಿಯೇ ಶುದ್ಧವಾಗಿರುತ್ತದೆ ಎಂಬುದೇ ಆ ನಂಬಿಕೆ. ವರ್ಷದ ನಾಲ್ಕು ತಿಂಗಳ ಮಟ್ಟಿಗೆ ಇದು ಬಹುಪಾಲು ನಿಜ. ದೀಪಾವಳಿಯಿಂದ ಶಿವರಾತ್ರಿಯವರೆಗಿನ ಅವಧಿಗೆ ಮಾತ್ರ ಇದೇ ಮಾತನ್ನು ಹೇಳಲಾಗದು. ತುಂಗೆಯ ಕಣಿವೆಯಲ್ಲಿರುವ ತೀರ್ಥಹಳ್ಳಿ ಪಟ್ಟಣ ಮತ್ತು ಅದರ ಸುತ್ತಲಿನ ಹಳ್ಳಿಗಳು ಇದನ್ನು ಅರಿಯಲು ತಕ್ಕ ನಿದರ್ಶನ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಗಾಳಿಯನ್ನು ತೊಳೆಯುತ್ತದೆ. ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಮೀರಿ ಮಳೆ ಕಾಣುವ ಆಗುಂಬೆ ಇದೇ ತಾಲ್ಲೂಕಿನಲ್ಲಿದೆ. ಬೀಳುವ ಹನಿ ಧೂಳು, ಮಸಿಗಳನ್ನು ಹೊತ್ತು ನೆಲಕ್ಕಿಳಿಸುತ್ತದೆ. ಪಶ್ಚಿಮದ ಬಲವಾದ ಗಾಳಿ ಉಳಿದದ್ದನ್ನು ಚದುರಿಸುತ್ತದೆ. ಆದರೆ ಆ ದಿನಗಳಲ್ಲಿ ತೊಂದರೆ ಮನೆಯೊಳಗೆ ಸೇರಿಕೊಳ್ಳುತ್ತದೆ. ತೇವ ಹಿಡಿದ ಗೋಡೆಗಳಲ್ಲಿ ಬೂಷ್ಟು ಬೆಳೆದು ಅದರ ಬೀಜಕಣಗಳು ಉಸಿರಿಗೆ ಸೇರುತ್ತವೆ. ಹಸಿ ಸೌದೆಯ ಹೊಗೆ ಮುಚ್ಚಿದ ಮನೆಯಲ್ಲೇ ಸುತ್ತುತ್ತದೆ. ಉಬ್ಬಸವಿರುವವರಿಗೆ ಇವೆರಡೂ ಕಂಟಕ.

ಮಳೆಗಾಲ ಕಳೆದ ಮೇಲೆ ಚಿತ್ರ ತಿರುಗುಮುರುಗಾಗುತ್ತದೆ. ಮೋಡವಿಲ್ಲದ ಚಳಿಗಾಲದ ರಾತ್ರಿ ನೆಲ ಬೇಗ ತಣಿಯುತ್ತದೆ. ಗುಡ್ಡದ ಇಳಿಜಾರಿನ ತಂಪು ಗಾಳಿ ಭಾರವಾಗಿ, ನೀರಿನಂತೆ ಹರಿದು ಕಣಿವೆಯ ತಳದಲ್ಲಿ ನಿಲ್ಲುತ್ತದೆ. ಅದರ ಮೇಲೆ ಬೆಚ್ಚಗಿನ ಗಾಳಿಯ ಪದರವೊಂದು ಮುಚ್ಚಳದಂತೆ ಕೂರುತ್ತದೆ. ಹವಾಮಾನ ಶಾಸ್ತ್ರ ಇದನ್ನು ತಾಪಮಾನದ ವಿಲೋಮ ಸ್ಥಿತಿ ಎನ್ನುತ್ತದೆ. ಮುಂಜಾನೆ ಬಚ್ಚಲೊಲೆಯ ಹೊಗೆ ಮೇಲೇರದೆ, ಅಡಿಕೆ ತೋಟದ ತಲೆಯ ಮಟ್ಟದಲ್ಲಿ ಚಾಪೆ ಹಾಸಿದಂತೆ ಅಡ್ಡಲಾಗಿ ಹರಡುವುದನ್ನು ಕಂಡವರಿಗೆ ಈ ಸ್ಥಿತಿಯ ಪರಿಚಯವಿದೆ. ಬಿಸಿಲೇರಿ ನೆಲ ಕಾದ ಮೇಲಷ್ಟೇ ಮುಚ್ಚಳ ಒಡೆಯುತ್ತದೆ.

ನದೀ ಕಣಿವೆಯ ತೇವಾಂಶ ಇದಕ್ಕೆ ಇನ್ನೊಂದು ತೊಡಕನ್ನು ಕೂಡಿಸುತ್ತದೆ. ಹೊಗೆಯ ಅನೇಕ ಕಣಗಳು ತೇವವನ್ನು ಹೀರಿ ಊದಿಕೊಳ್ಳುತ್ತವೆ. ಮಂಜಿನ ಹನಿ ಕಟ್ಟಲು ಅವೇ ಬೀಜವಾಗುತ್ತವೆ. ಆದ್ದರಿಂದ ಪ್ರವಾಸಿಗರು ಮೆಚ್ಚಿ ಚಿತ್ರ ತೆಗೆಯುವ ಬೆಳಗಿನ ಮಂಜೆಲ್ಲ ಬರಿಯ ಮಂಜಲ್ಲ. ಗಂಟಲು ಕೆರೆದರೆ, ಕಣ್ಣು ಉರಿದರೆ, ಅದರಲ್ಲಿ ಹೊಗೆಯ ಪಾಲಿದೆ ಎಂದೇ ತಿಳಿಯಬೇಕು.

ಈ ಹೊಗೆ ಎಲ್ಲಿಂದ ಬರುತ್ತದೆ? ರಾಷ್ಟ್ರೀಯ ಹೆದ್ದಾರಿ 169ರಲ್ಲಿ ಓಡಾಡುವ ವಾಹನಗಳದ್ದು ಒಂದು ಪಾಲು. ಉಳಿದದ್ದು ಹೆಚ್ಚಾಗಿ ಊರಿನದ್ದೇ. ಅಡಿಕೆ ಕೊಯ್ಲು, ಸುಲಿತ, ಬೇಯಿಸುವ ಕೆಲಸ ನಡೆಯುವುದು ಇದೇ ತಿಂಗಳುಗಳಲ್ಲಿ. ಸುಲಿದ ಸಿಪ್ಪೆಯನ್ನು ರಸ್ತೆಯ ಬದಿಗೆ ಸುರಿದು ಬೆಂಕಿಯಿಡುವ ರೂಢಿ ಬೆಳೆದಿದೆ; ಹಸಿ ಸಿಪ್ಪೆ ಉರಿಯದೆ ದಿನಗಟ್ಟಲೆ ಹೊಗೆಯಾಡುತ್ತದೆ. ಅಂಗಳ ಗುಡಿಸಿದ ದರಗು, ಅಂಗಡಿಯ ಮುಂದಿನ ಕಸ, ಬಚ್ಚಲೊಲೆ ಹೊತ್ತಿಸಲು ಬಳಸುವ ಪ್ಲಾಸ್ಟಿಕ್ ಕವರು ಇವೆಲ್ಲ ಜೊತೆಗೂಡುತ್ತವೆ. ಪಿವಿಸಿಯಂತಹ ಕ್ಲೋರಿನ್‌ಯುಕ್ತ ಪ್ಲಾಸ್ಟಿಕ್ ಕಡಿಮೆ ಶಾಖದಲ್ಲಿ ಉರಿದಾಗ ಡಯಾಕ್ಸಿನ್‌ನಂತಹ ಘೋರ ವಿಷ ಹುಟ್ಟುತ್ತದೆ. ಎಳ್ಳಮಾವಾಸ್ಯೆಯ ಜಾತ್ರೆಗೆ ಸಾವಿರಾರು ಜನ ತುಂಗೆಯಲ್ಲಿ ಮೀಯಲು ಬರುವುದೂ ಇದೇ ಕಾಲದಲ್ಲಿ. ನದಿಯ ನೀರು ಶುದ್ಧವಿರಬೇಕೆಂದು ಬಯಸುವ ಭಕ್ತರು ನದಿಯ ಮೇಲಿನ ಗಾಳಿಯ ಬಗೆಗೂ ಕೇಳಬೇಕಾಗಿದೆ.

2.5 ಮೈಕ್ರಾನ್‌ಗಿಂತ ಸಣ್ಣ ಕಣಗಳು ಶ್ವಾಸಕೋಶದ ತುದಿಯವರೆಗೆ ಇಳಿಯುತ್ತವೆ. ಇವುಗಳ ಪ್ರಮಾಣ ದಿನದ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 60 ಮೈಕ್ರೊಗ್ರಾಂ ಮೀರಬಾರದೆಂದು ಭಾರತದ 2009ರ ಮಾನದಂಡ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿ ಕೇವಲ 15. ಆದರೆ 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಸೇರಿದ್ದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿ ಮಾತ್ರ. ಕಣಿವೆಯ ಸಣ್ಣ ಪಟ್ಟಣಗಳು ಆ ಲೆಕ್ಕಕ್ಕೆ ಬಂದಿಲ್ಲ. ಅಳತೆಯಿಲ್ಲದ ಕಡೆ ಮಾಲಿನ್ಯವಿಲ್ಲವೆಂದು ಭಾವಿಸುವುದು ಸುಲಭ. ಮಧ್ಯಾಹ್ನದ ತಿಳಿ ಆಕಾಶವನ್ನು ನೋಡಿ ಬೆಳಗಿನ ಗಾಳಿಗೆ ಪ್ರಮಾಣಪತ್ರ ಕೊಡುವುದು ಇನ್ನೂ ಸುಲಭ.

ಕೃಷಿಯ ದೃಷ್ಟಿಯಿಂದ ನೋಡಿದರೆ ಈ ಹೊಗೆ ರೈತನ ಗಂಟನ್ನೇ ಸುಡುತ್ತಿದೆ. ಅಡಿಕೆಕಾಯಿಯಲ್ಲಿ ಶೇ. 60ರಿಂದ 80ರಷ್ಟು ಸಿಪ್ಪೆಯೇ. ಅದನ್ನು ಸುಟ್ಟರೆ ಸಾವಯವ ಇಂಗಾಲ, ಸಾರಜನಕಗಳು ಬಹುತೇಕ ಗಾಳಿಪಾಲು. ಬೂದಿಯಲ್ಲುಳಿದ ಪೊಟ್ಯಾಷ್ ರಸ್ತೆಬದಿಯಲ್ಲಿ ಬಿದ್ದು ಮುಂದಿನ ಮಳೆಗೆ ಚರಂಡಿ ಸೇರುತ್ತದೆ. ಆಮೇಲೆ ಅದೇ ರೈತ ಗೊಬ್ಬರದ ಅಂಗಡಿಯ ಮುಂದೆ ಸಾಲು ನಿಲ್ಲುತ್ತಾನೆ. ಸೊಪ್ಪಿನ ಬೆಟ್ಟದಿಂದ ದರಗು ತಂದು, ಕೊಟ್ಟಿಗೆಗೆ ಹಾಸಿ, ಗೊಬ್ಬರವಾಗಿಸಿ ತೋಟಕ್ಕೆ ಹೊತ್ತ ನಾಡಿನಲ್ಲಿ ಎಲೆಗೆ ಬೆಂಕಿಯಿಡುವುದು ಪರಂಪರೆಯಲ್ಲ, ಪರಂಪರೆಯ ಮರೆವು.

ಸಿಪ್ಪೆ ಬೇಗ ಕೊಳೆಯದು ಎಂಬ ರೈತರ ಆಕ್ಷೇಪ ನ್ಯಾಯವಾದುದೇ. ಅದರಲ್ಲಿ ಲಿಗ್ನಿನ್ ಅಂಶ ಹೆಚ್ಚು. ಆದರೆ ಸಿಪ್ಪೆಯನ್ನು ಹಸಿಯಿರುವಾಗಲೇ ಪದರಪದರವಾಗಿ ಗುಂಡಿಗೆ ಹಾಕಿ, ನಡುವೆ ಸಗಣಿ ಗಂಜಲ, ಹಸಿರು ಸೊಪ್ಪು ಸೇರಿಸಿ, ತೇವ ಕಾಪಾಡಿ, ಆಗಾಗ ತಿರುವಿದರೆ ಅದು ಗೊಬ್ಬರವಾಗಲೇಬೇಕು. ಕೊಳೆಯುವವರೆಗೆ ಕಾಯಲಾಗದವರು ತೋಟದಲ್ಲಿ ಮುಚ್ಚಿಗೆಯಾಗಿ ಹರಡಬಹುದು. ಕಷ್ಟವಿರುವುದು ಜಾಗವಿಲ್ಲದ ಸಣ್ಣ ಹಿಡುವಳಿದಾರರಿಗೆ ಮತ್ತು ಚೇಣಿ ಹಿಡಿದು ಒಂದೆಡೆ ರಾಶಿಗಟ್ಟಲೆ ಸುಲಿಸುವವರಿಗೆ. ಅಂಥವರಿಗೆ ಗ್ರಾಮ ಪಂಚಾಯಿತಿಯೇ ಸಾಮೂಹಿಕ ಗುಂಡಿಗೆ ಜಾಗ ಗುರುತಿಸಿ ಕೊಡುವುದು ಯುಕ್ತ.

ಒಲೆಯ ವಿಷಯದಲ್ಲಿಯೂ ಉಪದೇಶಕ್ಕಿಂತ ಉಪಾಯ ಮುಖ್ಯ. ಸೌದೆಯನ್ನೇ ನಂಬಿದ ಬಡ ಮನೆಗಳಿಗೆ ಒಲೆ ಹೊತ್ತಿಸಬೇಡಿ ಎನ್ನುವುದು ಅನ್ಯಾಯ. ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರ ದಶಕಗಳ ಹಿಂದೆಯೇ ರೂಪಿಸಿದ ಒಲೆ, ಜಾಲರಿಯ ಮೂಲಕ ಸರಿಯಾಗಿ ಗಾಳಿಯಾಡಿಸಿದರೆ ಸೌದೆಯೂ ಹೊಗೆಯೂ ಕಡಿಮೆಯಾಗುತ್ತವೆ ಎಂಬುದನ್ನು ತೋರಿಸಿದೆ. ಹೊಗೆಕೊಳವೆ ಮನೆಯನ್ನು ಉಳಿಸುತ್ತದೆಯೇ ಹೊರತು ಕಣಿವೆಯನ್ನಲ್ಲ ಎಂಬುದನ್ನೂ ಮರೆಯಬಾರದು. ಒಣಗಿದ ಸೌದೆ, ಪ್ಲಾಸ್ಟಿಕ್ ಇಲ್ಲದ ಒಲೆ ಮೊದಲ ಹೆಜ್ಜೆ. ಶಕ್ತಿಯಿದ್ದವರು ಸೌರ ಹಂಡೆ ಹಾಕಿಸಬಹುದು. ಹೊಗೆ ಕಣಿವೆಯಲ್ಲಿ ನಿಲ್ಲುವ ತಿಂಗಳುಗಳೇ ಹಗಲು ಒಳ್ಳೆಯ ಬಿಸಿಲಿರುವ ತಿಂಗಳುಗಳೂ ಹೌದು.

ಕಸ ಸುಡುವುದಕ್ಕೆ ಕಾನೂನಿನ ಅನುಮತಿಯಿಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲಿ ಬಯಲಲ್ಲಿ ಕಸ ಸುಡುವವರಿಗೆ 5000 ರೂಪಾಯಿ, ಭಾರಿ ಪ್ರಮಾಣದಲ್ಲಿ ಸುಡುವವರಿಗೆ 25,000 ರೂಪಾಯಿ ದಂಡ ವಿಧಿಸಬೇಕೆಂದು ಆದೇಶಿಸಿತು. ಆದರೆ ಸಿಪ್ಪೆಗೆ ಜಾಗ ತೋರಿಸದೆ ದಂಡ ಹಾಕಿದರೆ ಬೆಂಕಿ ಹಗಲಿನಿಂದ ರಾತ್ರಿಗೆ ಜಾರುತ್ತದೆ ಅಷ್ಟೆ. ರಾತ್ರಿಯ ಹೊಗೆಯೇ ಕಣಿವೆಯಲ್ಲಿ ಹೆಚ್ಚು ಹೊತ್ತು ನಿಲ್ಲುವಂಥದು. ಆದ್ದರಿಂದ ಮೊದಲು ಗುಂಡಿ, ಅನಂತರ ದಂಡ ಎಂಬುದು ಸರಿಯಾದ ಕ್ರಮ.

ಪಟ್ಟಣ ಪಂಚಾಯಿತಿಯಿಂದ ಜನರು ಕೇಳಬೇಕಾದದ್ದು ಎರಡೇ: ನವೆಂಬರ್‌ನಿಂದ ಫೆಬ್ರವರಿಯವರೆಗಾದರೂ ಬೆಳಗಿನ ಗಾಳಿಯ ನಿಯತ ಅಳತೆ, ಮತ್ತು ಸುಡದೆ ಕಸ ವಿಲೇವಾರಿ ಮಾಡುವ ವ್ಯವಸ್ಥೆ. ಅದು ಬರುವವರೆಗೆ ಶಾಲೆಗಳು ಸುಮ್ಮನಿರಬೇಕಿಲ್ಲ. ಪ್ರತಿದಿನ ಬೆಳಿಗ್ಗೆ ಏಳಕ್ಕೆ ಎದುರಿನ ಗುಡ್ಡ ಕಾಣುತ್ತದೆಯೇ, ಹೊಗೆಯ ವಾಸನೆಯಿದೆಯೇ, ಎಲ್ಲಿ ಬೆಂಕಿ ಬಿದ್ದಿದೆ, ಮಂಜು ಎಷ್ಟು ಗಂಟೆಗೆ ಕರಗಿತು ಎಂದು ವಿದ್ಯಾರ್ಥಿಗಳು ನೋಟ್‌ಬುಕ್ಕಿನಲ್ಲಿ ಬರೆದಿಡಬಹುದು. ಒಂದು ಚಳಿಗಾಲದ ಇಂತಹ ದಾಖಲೆ ಪಂಚಾಯಿತಿಯ ಮೇಜಿನ ಮೇಲೆ ಬಿದ್ದರೆ, ಮಲೆನಾಡಿನ ಗಾಳಿ ಶುದ್ಧ ಎಂದು ಹೇಳಿ ಕಡತ ಮುಚ್ಚುವುದು ಯಾರಿಗೂ ಸುಲಭವಾಗದು. ಹೊರಗಿನವರು ತಂದ ಮಾಲಿನ್ಯವಾಗಿದ್ದರೆ ಹೋರಾಟ ದೀರ್ಘವಾಗುತ್ತಿತ್ತು. ಇದರ ಬಹುಪಾಲು ಊರಿನವರದೇ ಕೈಯ ಕೆಲಸ. ನಿಲ್ಲಿಸುವ ಶಕ್ತಿಯೂ ಅದೇ ಕೈಗಳಲ್ಲಿದೆ.