ಸಮಮಿತಿಯ ತೀರ್ಪು

ಅಂಗಳದ ಆರೆಸಳಿನ ರಂಗವಲ್ಲಿಯನ್ನು ಇದ್ದಲ್ಲಿಯೇ 60 ಡಿಗ್ರಿ ತಿರುಗಿಸಿದೆವೆಂದು ಭಾವಿಸೋಣ. ನೋಡುವವರಿಗೆ ತಿರುಗಿಸಿದ್ದೇ ತಿಳಿಯದು. ಈ ಗುಣಕ್ಕೆ ಸಮಮಿತಿಯೆಂದು ಹೆಸರು. ಎರಡು ಬಾರಿ ತಿರುಗಿಸಿದರೂ, ಹಿಂದಕ್ಕೆ ತಿರುಗಿಸಿದರೂ ಅದೇ ರೂಪ. ರೂಪಕ್ಕೆ ಭಂಗ ತಾರದ ಇಂತಹ ಕ್ರಿಯೆಗಳೆಲ್ಲ ಸೇರಿದ ಕೂಟವನ್ನು ಗಣಿತಜ್ಞರು ಗ್ರೂಪ್ ಎನ್ನುತ್ತಾರೆ.

ಇದರಿಂದ ಪ್ರಯೋಜನವೇನೆಂದು ಕೇಳುವ ವಿದ್ಯಾರ್ಥಿಗಳುಂಟು. ನ್ಯಾಯವಾದ ಪ್ರಶ್ನೆಯೇ.

ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ನೈಟ್ರಸ್ ಆಕ್ಸೈಡ್ ಅನಿಲದ ಅಣುವನ್ನು ನೋಡೋಣ. ಎರಡು ನೈಟ್ರೋಜನ್, ಒಂದು ಆಕ್ಸಿಜನ್, ಮೂರೂ ಒಂದೇ ಸಾಲಿನಲ್ಲಿ. ಆಕ್ಸಿಜನ್ ಇರುವುದು ನಡುವೆಯೋ ತುದಿಯಲ್ಲಿಯೋ? ಕಣ್ಣಿನಿಂದ ಕಂಡು ಹೇಳುವಂತಿಲ್ಲ. ಇಂತಹ ಅಣುವು ಮೂರು ಬಗೆಯ ಆವರ್ತನಗಳಲ್ಲಿ ಕಂಪಿಸುತ್ತದೆ. ಆಕ್ಸಿಜನ್ ನಡುವೆ ಇದ್ದರೆ ಎರಡು ಪಾರ್ಶ್ವಗಳೂ ಸಮ. ಆಗ ಎರಡೂ ತುದಿಗಳು ಏಕಕಾಲಕ್ಕೆ ಹೊರಚಾಚಿ ಒಳಸರಿಯುವ ಕಂಪನದಲ್ಲಿ ಒಂದು ಬದಿಯ ವಿದ್ಯುತ್ ಪಲ್ಲಟವನ್ನು ಇನ್ನೊಂದು ಬದಿ ಸರಿದೂಗಿಸುತ್ತದೆ. ಆ ಕಂಪನವು ಅವಕೆಂಪು ಕಿರಣವನ್ನು ಹೀರಲಾರದು. ಅಂದರೆ ಮೂರರಲ್ಲಿ ಎರಡೇ ಕಾಣಿಸಬೇಕು. 1931ರಲ್ಲಿ ಪ್ಲೈಲರ್ ಮತ್ತು ಬಾರ್ಕರ್ ಎಂಬ ಅಮೆರಿಕದ ಭೌತವಿಜ್ಞಾನಿಗಳಿಗೆ ಮೂರೂ ಕಂಡವು. ಆಕ್ಸಿಜನ್ ತುದಿಯಲ್ಲಿದೆಯೆಂಬ ತೀರ್ಪಾಯಿತು. ಪರಮಾಣುಗಳ ನಡುವಣ ಬಲವೆಷ್ಟೆಂದು ಲೆಕ್ಕ ಹಾಕಬೇಕಾಗಲಿಲ್ಲವೆಂಬುದೇ ಇಲ್ಲಿಯ ಸೊಗಸು.

ನೂರಾರು ಪರಮಾಣುಗಳ ಜೋಡಣೆಗಳಲ್ಲಿ ಹೀಗೆ ಬರಿಯ ಊಹೆಯಿಂದ ನಿರ್ಣಯಿಸಲಾಗದು. ಅಲ್ಲಿ ಗ್ರೂಪ್ ಸಿದ್ಧಾಂತವೇ ಬೇಕು. ಈ ವಿದ್ಯೆಯನ್ನು ಭಾರತದಲ್ಲಿ ಬೆಳೆಸಿದವರಲ್ಲಿ ರಾಮನ್ನರ ಶಿಷ್ಯರಾದ ಎಸ್. ಭಗವಂತಂ ಪ್ರಮುಖರು. ವೆಂಕಟರಾಯುಡು ಅವರೊಡನೆ ಅವರು ಬರೆದ ಗ್ರಂಥವು 1948ರಲ್ಲಿ ಪ್ರಕಟವಾಯಿತು. ಮುಂದೆ 1957ರಿಂದ 1962ರವರೆಗೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದರು.

ಇದೆಲ್ಲವೂ ವಚನಗಳಲ್ಲಿ ಮೊದಲೇ ಅಡಗಿತ್ತೆಂದು ವಾದಿಸುವವರೂ ನಮ್ಮಲ್ಲಿದ್ದಾರೆ. ನಾವು ಅದನ್ನು ಒಪ್ಪುವುದಿಲ್ಲ. ಶರಣರ ಹಿರಿಮೆಗೆ ಅಂತಹ ಆಸರೆ ಬೇಕಿಲ್ಲ.

ವಿಷಯ ಪ್ರಯೋಗಶಾಲೆಗೆ ಮಾತ್ರ ಸೇರಿದ್ದೆಂದು ತಿಳಿಯಬಾರದು. ಗಾಳಿಯ ಬಹುಪಾಲಾದ ನೈಟ್ರೋಜನ್, ಆಕ್ಸಿಜನ್ ಅಣುಗಳಲ್ಲಿ ಎರಡೂ ತುದಿ ಒಂದೇ ತೆರನಾದುದರಿಂದ ಅವು ಭೂಮಿಯಿಂದ ಹೊರಡುವ ಶಾಖಕಿರಣವನ್ನು ತಡೆಯವು. ಕಾರ್ಬನ್ ಡೈ ಆಕ್ಸೈಡ್ ಅಣುವಿನ ಪಾರ್ಶ್ವಗಳೂ ಸಮವೇ. ಆದರೆ ಅದು ಬಾಗಿ ಕಂಪಿಸುವಾಗ ಆ ಸಮತೋಲ ತಪ್ಪಿ ಶಾಖವನ್ನು ಹೀರುತ್ತದೆ. ಗಾಳಿಯ 10,000 ಅಣುಗಳಲ್ಲಿ ಸುಮಾರು 4 ಮಾತ್ರ ಇರುವ ಈ ಅನಿಲವು ಭೂಮಿಯ ಉಷ್ಣವನ್ನು ಏರಿಸುತ್ತಿರುವುದು ಹೀಗೆ.