ಮಾತು ಮಾರುವವರದ್ದು, ನಿದ್ದೆಗೇಡು ಕಟ್ಟುವವರದ್ದು

ಸಾಫ್ಟ್‌ವೇರ್ ಮಾರುವ ಕಂಪನಿಗಳಲ್ಲಿ ಯುಗಾದಿ, ದೀಪಾವಳಿಗಿಂತ ದೊಡ್ಡ ದಿನಗಳು ವರ್ಷಕ್ಕೆ ನಾಲ್ಕು ಬರುತ್ತವೆ. ಅವು ತ್ರೈಮಾಸಿಕದ ಕೊನೆಯ ದಿನಗಳು. ಅಂದು ಸಂಜೆಯೊಳಗೆ ಗ್ರಾಹಕನ ಸಹಿ ಬಿದ್ದರೆ ಮಾರಾಟ ತಂಡಕ್ಕೆ ಕಮಿಷನ್, ಕಚೇರಿಯಲ್ಲಿ ಕೇಕ್. ಆ ಸಹಿಗಾಗಿ ಏನೇನು ಒಪ್ಪಿಕೊಂಡು ಬಂದಿದ್ದಾರೆ ಎಂಬುದು ಎಂಜಿನಿಯರುಗಳ ಕಿವಿಗೆ ಬೀಳುವುದು ಕೇಕ್ ಖಾಲಿಯಾದ ಮೇಲೆ.

ಒಂದು ಡೆಮೊ ಹೇಗಿರುತ್ತದೆ ನೋಡಿ. ಪರದೆಯ ಮೇಲೆ ಬಣ್ಣಬಣ್ಣದ ಗ್ರಾಫ್. ಅದರ ಹಿಂದೆ ಪ್ರೋಗ್ರಾಂ ಇಲ್ಲ, ಹಿಂದಿನ ರಾತ್ರಿ ಕೈಯಾರೆ ತುಂಬಿದ ಅಂಕಿಗಳಿವೆ. ‘ನಮ್ಮ ಹಳೇ ಸಿಸ್ಟಂ ಜೊತೆ ಇದು ಕೆಲಸ ಮಾಡುತ್ತಾ?’ ಎಂದು ಗ್ರಾಹಕ ಕೇಳುತ್ತಾನೆ. ‘ಖಂಡಿತ ಸರ್, ಮುಂದಿನ ರಿಲೀಸ್‌ನಲ್ಲೇ ಕೊಡ್ತೀವಿ’ ಎಂಬ ಉತ್ತರ ತಡವರಿಸದೆ ಬರುತ್ತದೆ. ಮೂಲೆಯಲ್ಲಿ ಕುಳಿತ ಎಂಜಿನಿಯರ್‌ಗೆ ಅದು ಆರು ತಿಂಗಳ ಕೆಲಸವೆಂದು ಗೊತ್ತು. ಆದರೆ ಆ ಕೋಣೆಯಲ್ಲಿ ಅವನು ಬಾಯಿ ಬಿಡುವಂತಿಲ್ಲ. ಅಂಗೈಯಲ್ಲಿ ಆಕಾಶ ತೋರಿಸಿದವರು ಮುಂದಿನ ಗ್ರಾಹಕನತ್ತ ನಡೆದರೆ, ಆಕಾಶವನ್ನು ಕೆಳಗಿಳಿಸುವ ಪಾಡು ಅವನದು.

‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆ ಇಲ್ಲಿ ತಿರುಗುಮುರುಗು. ಮಾಡುವವನೊಬ್ಬ, ಉಣ್ಣುವವನೊಬ್ಬ. ಸಮಸ್ಯೆ ಮಾರಾಟಗಾರರ ಸ್ವಭಾವದ್ದಲ್ಲ, ಲೆಕ್ಕದ್ದು. ಸಹಿಯಾದ ದಿನವೇ ಕಮಿಷನ್ ಪಕ್ಕಾ ಆಗುವುದಾದರೆ, ಕೊಟ್ಟ ಮಾತು ಉಳಿಯುತ್ತದೋ ಇಲ್ಲವೋ ಎಂದು ಯಾರು ಯಾಕೆ ತಲೆಕೆಡಿಸಿಕೊಳ್ಳುತ್ತಾರೆ?

ಆ ಮಾತು ಉಳಿಸಲು ಎಂಜಿನಿಯರ್ ಕೋಡ್‌ಗೆ ತೇಪೆ ಹಾಕುತ್ತಾನೆ. ಹೀಗೆ ಅವಸರಕ್ಕೆ ಹಾಕಿದ ತೇಪೆಗಳನ್ನು ಸಾಲಕ್ಕೆ ಹೋಲಿಸಿದ್ದು ಅಮೆರಿಕದ ಪ್ರೋಗ್ರಾಮರ್ ವಾರ್ಡ್ ಕನಿಂಗ್‌ಹ್ಯಾಮ್, 1992ರಲ್ಲಿ. ‘ಟೆಕ್ನಿಕಲ್ ಡೆಟ್’ ಎಂಬ ಆ ಮಾತು ಇಂದು ಉದ್ಯಮದ ಮನೆಮಾತು. ಸಾಲ ತೀರಿಸದಿದ್ದರೆ ಬಡ್ಡಿ ಬೆಳೆಯುತ್ತದೆ: ಒಂದು ಕಡೆ ಮುಟ್ಟಿದರೆ ಇನ್ನೊಂದು ಕಡೆ ಮುರಿಯುತ್ತದೆ. ಹಳೆಯ ಕೋಡ್ ಸರಿಪಡಿಸಲು ಸಮಯ ಕೇಳಿದರೆ ‘ಇದಕ್ಕೆ ಯಾವ ಗ್ರಾಹಕ ದುಡ್ಡು ಕೊಡ್ತಾನೆ?’ ಎಂಬ ಪ್ರಶ್ನೆ ಎದುರಾಗುತ್ತದೆ. ಎಂಜಿನಿಯರ್‌ಗೆ ವಾರಾಂತ್ಯ ಹೋಗುವುದು ಕಣ್ಣಿಗೆ ಕಾಣುವ ನಷ್ಟ. ಕಾಣದ ನಷ್ಟ ಇನ್ನೂ ದೊಡ್ಡದು. ಮೂರು ವರ್ಷ ಒಬ್ಬ ಗ್ರಾಹಕನ ತೇಪೆಗಳನ್ನೇ ಹೊಲಿದವನು ಬೇರೆ ಕಡೆ ಸಂದರ್ಶನಕ್ಕೆ ಕುಳಿತಾಗ, ತಾನು ಕಟ್ಟಿದ್ದು ಇದು ಎಂದು ತೋರಿಸಲು ಏನೂ ಇರುವುದಿಲ್ಲ.

ಮಾರಾಟದ ಈ ಅವಸರ ಅತಿರೇಕಕ್ಕೆ ಹೋದರೆ ಕಂಪನಿಯೇ ಬೆಲೆ ತೆರುತ್ತದೆ. ಇನ್ನೂ ಕೈಸೇರದ ಮಾರಾಟವನ್ನು ಆದಾಯವೆಂದು ಬರೆದುಕೊಂಡ ಒರಾಕಲ್, 1990ರಲ್ಲಿ ಲೆಕ್ಕವನ್ನೇ ತಿದ್ದಬೇಕಾಯಿತು. ಸುಮಾರು 400 ಮಂದಿ, ಎಂದರೆ ಶೇ 10ರಷ್ಟು ನೌಕರರು ಕೆಲಸ ಕಳೆದುಕೊಂಡರು. ನ್ಯೂಯಾರ್ಕ್‌ನ ಕಂಪ್ಯೂಟರ್ ಅಸೋಸಿಯೇಟ್ಸ್ ಕಂಪನಿಯಲ್ಲಿ ‘35 ದಿನಗಳ ತಿಂಗಳು’ ಎಂಬ ಮಾತೇ ಚಾಲ್ತಿಯಲ್ಲಿತ್ತು. ತ್ರೈಮಾಸಿಕ ಮುಗಿದ ಮೇಲೂ ಲೆಕ್ಕದ ಪುಸ್ತಕ ತೆರೆದಿಟ್ಟು, ಒಪ್ಪಂದಗಳಿಗೆ ಹಿಂದಿನ ದಿನಾಂಕ ಹಾಕುತ್ತಿದ್ದರು. ಹೀಗೆ ಅವಧಿಗೆ ಮುನ್ನ ತೋರಿಸಿದ ಆದಾಯ 220 ಕೋಟಿ ಡಾಲರ್ ಎಂದು ಕಂಪನಿಯೇ 2004ರಲ್ಲಿ ಲೆಕ್ಕ ಪರಿಷ್ಕರಿಸಿತು. ಮುಖ್ಯ ಕಾರ್ಯನಿರ್ವಾಹಕರಾಗಿದ್ದ ಸಂಜಯ್ ಕುಮಾರ್ ಅವರಿಗೆ 2006ರಲ್ಲಿ 12 ವರ್ಷಗಳ ಜೈಲು ಶಿಕ್ಷೆಯಾಯಿತು.

ಮಾರಾಟವಿಲ್ಲದೆ ಸಂಬಳವಿಲ್ಲ ಎಂಬುದೂ ನಿಜ. ಕೊಳ್ಳುವವರೇ ಇಲ್ಲದ ಅಚ್ಚುಕಟ್ಟಾದ ಕೋಡ್ ಬರೆದು ಬಾಗಿಲು ಮುಚ್ಚಿದ ಸ್ಟಾರ್ಟ್‌ಅಪ್‌ಗಳಿಗೆ ಬೆಂಗಳೂರಿನಲ್ಲಿ ಕೊರತೆಯಿಲ್ಲ. ಒಳ್ಳೆಯ ಮಾರಾಟಗಾರ ಗ್ರಾಹಕನ ಕಷ್ಟವನ್ನು ಎಂಜಿನಿಯರ್‌ಗಿಂತ ಮೊದಲೇ ಅರಿಯುತ್ತಾನೆ. ಹಾಗಾಗಿ ಬೇಕಿರುವುದು ಮಾರಾಟಕ್ಕೆ ಕಡಿವಾಣವಲ್ಲ, ಮಾತಿಗೆ ಹೊಣೆ. ಕಮಿಷನ್‌ನ ಒಂದು ಪಾಲನ್ನು, ಒಪ್ಪಿಕೊಂಡಿದ್ದೆಲ್ಲ ಗ್ರಾಹಕನ ಕೈಸೇರುವವರೆಗೆ ತಡೆಹಿಡಿಯಬಹುದು. ಹೊಸ ಸೌಲಭ್ಯದ ಭರವಸೆ ಇರುವ ಒಪ್ಪಂದಕ್ಕೆ, ಅದನ್ನು ಕಟ್ಟುವ ತಂಡದ ಮುಖ್ಯಸ್ಥರ ಸಹಿಯೂ ಕಡ್ಡಾಯವಾಗಬೇಕು.

ಕೆಲಸ ಹುಡುಕುತ್ತಿರುವ ಕಿರಿಯರಿಗೊಂದು ಮಾತು. ಸಂದರ್ಶನದ ಕೊನೆಯಲ್ಲಿ ‘ನಿಮ್ಮ ಪ್ರಶ್ನೆ ಏನಾದರೂ ಇದೆಯೇ?’ ಎಂದು ಕೇಳಿದಾಗ ತಲೆಯಾಡಿಸಿ ಎದ್ದು ಬರಬೇಡಿ. ‘ಮಾರಾಟದವರು ಒಪ್ಪಿಕೊಂಡ ಗಡುವಿಗೆ ಆಗುವುದಿಲ್ಲ ಎನ್ನುವ ಅಧಿಕಾರ ಇಲ್ಲಿ ಯಾರಿಗಿದೆ?’ ಎಂದು ಕೇಳಿ. ಎದುರಿನವರು ಮುಖ ಮುಖ ನೋಡಿಕೊಂಡರೆ, ಎಷ್ಟೇ ದೊಡ್ಡ ಪ್ಯಾಕೇಜ್ ಇರಲಿ, ಇನ್ನೊಮ್ಮೆ ಯೋಚಿಸಿ.