ಹ್ಯಾಂಗ್ ಆಗಿದ್ದು ಕನ್ನಡ ಅಲ್ಲ, ನಮ್ಮ ಲೂಪ್

ರಾಜ್ಯೋತ್ಸವಕ್ಕೆ ಕ್ಲಬ್ ಸ್ಟಾಲ್‌ನಲ್ಲಿ ಒಂದು ಟೈಪಿಂಗ್ ಆಟ ಇಟ್ಟಿದ್ವಿ. ಪರದೆ ಮೇಲೆ ಒಂದು ಕನ್ನಡ ಪದ ಬರುತ್ತೆ, ಇನ್‌ಸ್ಕ್ರಿಪ್ಟ್ ಕೀಬೋರ್ಡ್‌ನಲ್ಲಿ ಅದನ್ನ ಟೈಪ್ ಮಾಡಬೇಕು, ಪಕ್ಕದಲ್ಲಿ 30 ಸೆಕೆಂಡಿನ ಕೌಂಟ್‌ಡೌನ್. ಪೈಥಾನ್, ಟಿಕಿಂಟರ್, ಎರಡು ರಾತ್ರಿಯ ನಿದ್ದೆ, ಇಷ್ಟು ಖರ್ಚು. ಮೊದಲು ಬಂದ ಫಸ್ಟ್ ಇಯರ್ ಹುಡುಗಿ ನಾಲ್ಕು ಕೀ ಒತ್ತಿದಳು. ಏನೂ ಕಾಣಿಸಲಿಲ್ಲ. ಮತ್ತೆ ಒತ್ತಿದಳು. ಆಮೇಲೆ ಅಷ್ಟೂ ಅಕ್ಷರ ಒಟ್ಟಿಗೆ ಸುರಿದು ಪದ ಕೆಟ್ಟುಹೋಯ್ತು. "ಸಾರಿ ಅಣ್ಣ, ನಂಗೆ ಕನ್ನಡ ಟೈಪಿಂಗ್ ಬರಲ್ಲ" ಅಂತ ಎದ್ದುಬಿಟ್ಟಳು. ಹಿಂದೆ ನಿಂತಿದ್ದವನು ಇನ್ನೊಂದು ಹೆಜ್ಜೆ ಮುಂದೆ ಹೋದ: "ಕನ್ನಡ ಹಾಕಿದ್ರೆ ಯಾವ ಸಾಫ್ಟ್‌ವೇರೂ ಹೀಗೇ."

ತಪ್ಪು ಅವಳದ್ದೂ ಅಲ್ಲ, ಕನ್ನಡದ್ದೂ ಅಲ್ಲ. ಪೂರ್ತಿ ನಮ್ಮದು. ಆದರೆ ಆ ಹೊತ್ತಲ್ಲಿ ನಾವೂ "ಲ್ಯಾಪ್‌ಟಾಪ್ ಹಳೇದು" ಅಂತ ಹೇಳಿ ಜಾರಿಕೊಂಡ್ವಿ.

ನಾವೆಲ್ಲ ಪ್ರೋಗ್ರಾಮಿಂಗ್ ಶುರು ಮಾಡೋದು ಸ್ಕ್ಯಾನ್‌ಎಫ್‌ನಿಂದ ಅಥವಾ ಪೈಥಾನ್‌ನ ಇನ್‌ಪುಟ್‌ನಿಂದ. ಅಲ್ಲಿ ಪ್ರೋಗ್ರಾಂ ನಿಂತು ನಮಗಾಗಿ ಕಾಯುತ್ತೆ. ಕಪ್ಪು ಟರ್ಮಿನಲ್‌ನಲ್ಲಿ ಅದಕ್ಕೆ ಬೇರೆ ಕೆಲಸವೂ ಇರಲ್ಲ, ಹಾಗಾಗಿ ನಡೆಯುತ್ತೆ. ವಿಂಡೋ ಇರೋ ಪ್ರೋಗ್ರಾಂನಲ್ಲಿ ಎಲ್ಲ ಉಲ್ಟಾ. ಮೇನ್‌ಲೂಪ್ ಅನ್ನೋದು ಸರದಿಯಿಂದ ಒಂದೊಂದೇ ಘಟನೆ ಎತ್ತಿಕೊಂಡು (ಕೀ ಒತ್ತಿದ್ದು, ಮೌಸ್ ಕ್ಲಿಕ್, ಪರದೆ ಮತ್ತೆ ಬಿಡಿಸೋದು) ನಾವು ಬೈಂಡ್ ಮಾಡಿದ ಫಂಕ್ಷನ್ನಿಗೆ ಕೊಡುತ್ತೆ. ಆ ಫಂಕ್ಷನ್ ವಾಪಸ್ ಬರೋವರೆಗೆ ಬೇರೇನೂ ನಡೆಯಲ್ಲ. ವಿಂಡೋ ಮುಚ್ಚೋ ಬಟನ್ ಕೂಡ ಕೆಲಸ ಮಾಡಲ್ಲ. ಒಂದು ವಿಂಡೋ 5 ಸೆಕೆಂಡ್ ತನ್ನ ಸರದಿ ಕಡೆ ತಿರುಗಿಯೂ ನೋಡದಿದ್ದರೆ ವಿಂಡೋಸ್ ಅದರ ನೆತ್ತಿ ಮೇಲೆ "ನಾಟ್ ರೆಸ್ಪಾಂಡಿಂಗ್" ಅಂತ ಬರೆದೇಬಿಡುತ್ತೆ.

ಕ್ಯಾಂಟೀನ್‌ನಲ್ಲಿ ಟೋಕನ್ ಕೊಡೋರೇ ಎದ್ದುಹೋಗಿ ದೋಸೆ ಹುಯ್ದು ಬಂದರೆ ಹೇಗಿರುತ್ತೆ? ಕ್ಯೂ ಎಲ್ಲೂ ಹೋಗಲ್ಲ, ಬೆಳೀತಾ ಇರುತ್ತೆ. ಹುಡುಗಿ ಒತ್ತಿದ ಕೀಗಳೂ ಹಾಗೇ ಕಳೆದುಹೋಗಿರಲಿಲ್ಲ, ಸಾಲಲ್ಲಿ ನಿಂತಿದ್ವು. ಅದಕ್ಕೇ ಒಮ್ಮೆಲೇ ಸುರಿದದ್ದು.

ನಾವು ಮಾಡಿದ ತಪ್ಪು ಎರಡು. ಕೌಂಟ್‌ಡೌನ್‌ಗೆ ವೈಲ್ ಲೂಪ್ ಬರೆದು ಒಳಗೆ ಟೈಮ್ ಡಾಟ್ ಸ್ಲೀಪ್ ಇಟ್ಟಿದ್ವಿ. ಪ್ರತಿ ಸಲ ಒಂದು ಸೆಕೆಂಡ್ ಇಡೀ ವಿಂಡೋ ನಿದ್ದೆ ಹೊಡೀತಿತ್ತು. ಅದರ ಬದಲು ಆಫ್ಟರ್ ಇದೆ: "1000 ಮಿಲಿಸೆಕೆಂಡ್ ಆದಮೇಲೆ ಈ ಫಂಕ್ಷನ್ ಕರಿ" ಅಂತ ಹೇಳಿದರೆ ಸಾಕು, ಅದು ತಕ್ಷಣ ವಾಪಸ್ ಬರುತ್ತೆ, ಲೂಪ್ ತನ್ನ ಪಾಡಿಗೆ ಓಡುತ್ತೆ.

ಎರಡನೇದು ಇನ್ನೂ ನಾಚಿಕೆಗೇಡು. ಪ್ರತಿ ಕೀ ಒತ್ತಿದಾಗಲೂ ಪದಗಳ ಇಡೀ ಫೈಲ್ ತೆರೆದು, ಮೊದಲಿಂದ ಕೊನೆಗೆ ಓದಿ, ಪದ ಇದೆಯಾ ಅಂತ ಹುಡುಕ್ತಿದ್ವಿ. ಒಂದೇ ಸಲ ಓದಿ ಸೆಟ್‌ನಲ್ಲಿ ಇಟ್ಟುಕೊಂಡಿದ್ದರೆ ಮುಗಿದಿತ್ತು. ಇಲ್ಲಿ ಕನ್ನಡದ್ದೇ ಒಂದು ವಿಷಯ ಇದೆ, ಅದು ನಮಗೆ ಹೊಳೆದಿರಲಿಲ್ಲ. 'ಸ್ತ್ರೀ' ನೋಡೋಕೆ ಒಂದು ಅಕ್ಷರ. ಯೂನಿಕೋಡ್‌ನಲ್ಲಿ ಅದು ಆರು: ಸ, ವಿರಾಮ ಚಿಹ್ನೆ, ತ, ಮತ್ತೆ ವಿರಾಮ ಚಿಹ್ನೆ, ರ, ದೀರ್ಘ ಈ ಚಿಹ್ನೆ. ಇನ್‌ಸ್ಕ್ರಿಪ್ಟ್‌ನಲ್ಲೂ ಆರು ಕೀ. ಅಂದ್ರೆ ಅಕ್ಷರ ಇನ್ನೂ ಅರ್ಧಂಬರ್ಧ ಇರುವಾಗಲೇ ಐದು ಸಲ ಹುಡುಕಿ, ಐದು ಸಲವೂ "ತಪ್ಪು" ಅಂತ ತೀರ್ಪು ಕೊಡ್ತಿದ್ವಿ. ಈಗ ಪ್ರತಿ ಕೀಗೂ ಹಿಂದಿನ ಆಫ್ಟರ್ ರದ್ದು ಮಾಡಿ, 300 ಮಿಲಿಸೆಕೆಂಡಿನ ಹೊಸದೊಂದು ಇಡ್ತೀವಿ. ಬೆರಳು ನಿಂತಮೇಲೆ ಒಂದೇ ಸಲ ಪರೀಕ್ಷೆ. ಅಕ್ಷರ ಮಾತ್ರ ಒತ್ತಿದ ಕೂಡಲೇ ಕಾಣುತ್ತೆ. 0.1 ಸೆಕೆಂಡಿನೊಳಗೆ ಪ್ರತಿಕ್ರಿಯೆ ಬಂದರೆ ಜನಕ್ಕೆ "ತಕ್ಷಣ ಆಯ್ತು" ಅನ್ನಿಸುತ್ತೆ ಅಂತ ಜೇಕಬ್ ನೀಲ್ಸನ್ 1993ರಲ್ಲೇ ಬರೆದಿದ್ದಾರೆ. ನಾವು ಅದರ ಹತ್ತು ಪಟ್ಟು ಕಾಯಿಸಿದ್ವಿ.

ಯಾರನ್ನ ಕೇಳಿದ್ರೂ ಬರೋ ಸಲಹೆ ಒಂದೇ, "ಥ್ರೆಡ್ ಹಾಕು ಮಗಾ." ನಮಗೆ ಇದರ ಮೇಲೆ ತಕರಾರಿದೆ. ನಮ್ಮ ಆಟಕ್ಕೆ ಥ್ರೆಡ್ ಬೇಕೇ ಇರಲಿಲ್ಲ, ಬೇಡದ ಕೆಲಸ ತೆಗೆದುಹಾಕಬೇಕಿತ್ತು ಅಷ್ಟೇ. ದೊಡ್ಡ ಡೌನ್‌ಲೋಡ್, ಚಿತ್ರ ಸಂಸ್ಕರಣೆ ಅಂಥ ನಿಜವಾಗಲೂ ಉದ್ದದ ಕೆಲಸ ಇದ್ದರೆ ಥ್ರೆಡ್ ಸರಿ. ಆಗಲೂ ಆ ಥ್ರೆಡ್ಡಿನಿಂದ ನೇರವಾಗಿ ಲೇಬಲ್ ಬದಲಾಯಿಸೋಕೆ ಹೋಗಬಾರದು. ಉತ್ತರವನ್ನ ಒಂದು ಕ್ಯೂನಲ್ಲಿ ಹಾಕಿ, ಮೇನ್ ಥ್ರೆಡ್ ಆಗಾಗ ಆಫ್ಟರ್‌ನಿಂದ ಇಣುಕಿ ಎತ್ತಿಕೊಳ್ಳಬೇಕು. ಇಲ್ಲದಿದ್ದರೆ ರೂಮಲ್ಲಿ ಓಡಿದ್ದು ಡೆಮೋ ದಿನ ಕೈಕೊಡುತ್ತೆ, ಯಾಕೆ ಅಂತಲೂ ಗೊತ್ತಾಗಲ್ಲ.

ಲ್ಯಾಬ್ ಮ್ಯಾನ್ಯುಯಲ್‌ನಲ್ಲಿ ಫಿಬೊನಾಚಿ, ಪ್ರೈಮ್, ಮ್ಯಾಟ್ರಿಕ್ಸ್ ಎಷ್ಟೋ ಸಲ ಬರುತ್ವೆ. ಅದರಲ್ಲಿ ಒಂದನ್ನ ಬಿಟ್ಟು, ಕೀ ಒತ್ತಿದರೆ ಪ್ರತಿಕ್ರಿಯಿಸೋ, ಜೊತೆಗೆ ಗಡಿಯಾರವೂ ಓಡೋ ಒಂದೇ ಒಂದು ಪ್ರೋಗ್ರಾಂ ಸೇರಿಸಲಿ ಅನ್ನೋದು ನಮ್ಮ ಬೇಡಿಕೆ. ಮಿನಿ ಪ್ರಾಜೆಕ್ಟ್‌ಗಂತೂ ಎಲ್ಲರೂ ವಿಂಡೋನೇ ಮಾಡ್ತೀವಿ, ಕಲಿತಿರೋದು ಮಾತ್ರ ಟರ್ಮಿನಲ್ಲು.

ಸರಿಮಾಡಿದ ಆಟ ಈಗ ಕ್ಲಬ್ ರೂಮಿನಲ್ಲಿದೆ, ಅದೇ ಹಳೇ ಲ್ಯಾಪ್‌ಟಾಪಲ್ಲಿ. ಆ ಹುಡುಗಿ ಇದನ್ನ ಓದ್ತಾ ಇದ್ದರೆ, ದಯವಿಟ್ಟು ಒಂದ್ಸಲ ಬಾಮ್ಮಾ. ಈ ಸಲ 'ಸ್ತ್ರೀ'ನೂ ಇದೆ.